ಬಗಲ ಬೆವರು ನೋಡುವ ರಾಜಮತಿ ಸಿಸ್ಟರ್

ಅಥಣಿಯ ಒಂದು ಆಸ್ಪತ್ರೆ. ಗಂಡಸರ ವಾರ್ಡಿನ ಕಿಟಕಿಯಲ್ಲಿ ಈಗಷ್ಟೇ ಬೆಳಕು ಮೂಡುತ್ತಿದೆ. ಹೆಡ್ ಸಿಸ್ಟರ್ ರಾಜಮತಿ ಕೈ ತೊಳೆದುಕೊಂಡು, ತುಟಿಯೊಳಗೇ ಣಮೋಕಾರ ಮಂತ್ರ ಹೇಳಿಕೊಳ್ಳುತ್ತ ಒಳಗೆ ಬರುತ್ತಾರೆ. ಮೊದಲ ಮಂಚದ ಮೇಲಿನ ರೋಗಿಯ ತೋಳೆತ್ತಿ ಬಗಲಲ್ಲಿ ಕೈಯಿಡುತ್ತಾರೆ.

“ಮತ್ತ ಹಸಿ ಆಗೇತಿ,” ಎನ್ನುತ್ತಾರೆ. ಮುಖ ಸಣ್ಣಗಾಗುತ್ತದೆ.

ಪಕ್ಕದಲ್ಲಿ ನಿಂತ ಹುಡುಗಿ ಹೊಳೆವ್ವ. ಕುಡಚಿಯವಳು, ನರ್ಸಿಂಗ್ ಕಲಿಯಲು ಬಂದವಳು. ನೀನೂ ನೋಡು ಎಂದರೆ ಹಿಂದೆ ಸರಿಯುತ್ತಾಳೆ.

“ಗಂಡಸರ ಬಗಲಾಗ ಹೆಂಗ ಕೈ ಹಾಕೂದ್ರಿ ಸಿಸ್ಟರ್?”

“ಗಂಡಸರ ಬಗಲಲ್ಲ ಬೇ, ಇದು ರೋಗಿ ಬಗಲ. ನಾಚಿಕಿ ಬರ್ತಿದ್ರ ಮನ್ಯಾಗ ಕುಂತು ರೊಟ್ಟಿ ಬಡಿ ಹೋಗು.”

ಹುಡುಗಿ ನಗು ನುಂಗಿಕೊಂಡು ಕೈಯಿಡುತ್ತಾಳೆ. ಹೌದು, ಬೆವರು.

ಮಂಚದ ಮೇಲಿರುವವನು ಐಗಳಿಯ ಭರಮು, ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುವವನು. ನಿನ್ನೆ ಇಡೀ ದಿನ ಚಪ್ಪರದ ಕೆಳಗೆ ನಿಂತು ಎಣ್ಣೆ ಹೊಡೆದಿದ್ದಾನೆ. ಹುಳು ಸಾಯಿಸುವ ಔಷಧಕ್ಕೆ ಈ ಕಡೆ ಎಣ್ಣೆ ಎಂದೇ ಹೆಸರು. ಮೇಲಕ್ಕೆ ಹೊಡೆದದ್ದೆಲ್ಲ ಎಲೆಯಿಂದ ಹನಿಹನಿಯಾಗಿ ಅವನ ಮೇಲೇ ಇಳಿದಿದೆ. ಸಂಜೆ ಬಾಯಲ್ಲಿ ನೊರೆ ಬಂದು ಕುಸಿದವನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದಿದ್ದಾರೆ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು, ಎದೆಯಲ್ಲಿ ಗೊರಗೊರ ಸದ್ದಿತ್ತು. ಡಾಕ್ಟರು ಅಟ್ರೋಪಿನ್ ಕೊಟ್ಟಾಗ ಮೈ ಒಣಗಿತು, ಉಸಿರು ಸಲೀಸಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬೆವರು, ಮತ್ತೆ ಜೊಲ್ಲು. ಕೊಟ್ಟಷ್ಟೂ ಸಾಲುತ್ತಿಲ್ಲ. ಕಪಾಟಿನಲ್ಲಿ ಸೂಜಿಮದ್ದು ತೀರುತ್ತ ಬಂದಿದೆ; ತರಲು ಮಿರಜಿಗೆ ಹೋದವನು ಇನ್ನೂ ಬಂದಿಲ್ಲ.

ಆ ಆತಂಕದ ನಡುವೆಯೂ ರಾಜಮತಿ ಸಿಸ್ಟರ್ ಪಾಠ ಬಿಡುವುದಿಲ್ಲ. ಕನ್ನಡ ಶಾಲೆಯಲ್ಲಿ ಓದಿ ಬಂದ ಹುಡುಗಿಯರಿಗೆ ಇಂಗ್ಲಿಷ್ ಪುಸ್ತಕ ಬಾಯಿಪಾಠವಾಗುತ್ತದೆ, ತಲೆಗಿಳಿಯುವುದಿಲ್ಲ ಎಂಬುದು ಅವರ ಅನುಭವ.

“ಎದಿ ಬಡಕೊಳ್ಳೂದು, ಬೆವರೂದು, ಬಾಯಾಗ ನೀರು ಬರೂದು, ಇವು ನಮ್ಮ ಮಾತು ಕೇಳೂದಿಲ್ಲ. ಇದಕ್ಕ ಬ್ಯಾರೆ ನರ ಅದಾವು,” ಎಂದು ಶುರುಮಾಡುತ್ತಾರೆ. “ಒಂದು ನರ ಎದಿ ಓಡಸ್ತೈತಿ, ಇನ್ನೊಂದು ಅದನ್ನ ತಡದು ಬಾಯಾಗ ನೀರು ತರಸ್ತೈತಿ. ತಡಿಯೂ ನರ ತನ್ನ ಸುದ್ದಿ ಹೇಳಾಕ ಒಬ್ಬ ಓಲೆಕಾರನ್ನ ಕಳಸ್ತೈತಿ. ಅವ ಬಾಗಲಾಗ ನಿಂತು ಒಮ್ಮೆ ಕೂಗಿದ ಅಂದ್ರ, ಅವನ್ನ ಹೊರಗ ಹಾಕವ ಒಬ್ಬ ಇರ್ತಾನ. ಈ ಎಣ್ಣಿ ಏನ ಮಾಡ್ತೈತಿ? ಆ ಹೊರಗ ಹಾಕವನ ಕೈ ಕಟ್ತೈತಿ. ಓಲೆಕಾರ ಕೂಗಕೋತ ನಿಲ್ತಾನ. ಜೊಲ್ಲು ನಿಲ್ಲೂದಿಲ್ಲ, ಬೆವರು ನಿಲ್ಲೂದಿಲ್ಲ, ಎದಿ ಮೆಲ್ಲಕ ಬಡೀತೈತಿ.”

“ಅಟ್ರೋಪಿನ್ ಅವನ ಬಾಯಿ ಮುಚ್ಚತೈತೇನ್ರಿ?”

“ಇಲ್ಲ. ಕೇಳವರ ಕಿವ್ಯಾಗ ಹತ್ತಿ ಅಳ್ಳಿ ಇಡತೈತಿ. ಕೂಗೂದು ನಡದ ಇರ್ತೈತಿ. ಅಳ್ಳಿ ಬಿತ್ತಂದ್ರ ಮತ್ತ ಕೇಳ್ತೈತಿ. ಅದಕ್ಕ ಮೈ ಒಣಗಿತಂತ ನೀ ಚಹಾ ಕುಡ್ಯಾಕ ಹೋಗಬಾರದು. ಕಣ್ಣಿನ ಪಾಪಿ ಹಿಗ್ಗಿತಂತ ಅದೊಂದ ನೋಡಿ ಮೋಸ ಹೋಗಬ್ಯಾಡ. ಎದಿಗೆ ಕಿವಿ ಹಚ್ಚು, ಬಗಲಾಗ ಕೈ ಇಡು.”

ರಾಜಮತಿ ಕಾಗವಾಡದವರು. ಗಂಡ ಭೂಪಾಲ ತೀರಿಕೊಂಡಾಗ ಅವರಿಗೆ ಇಪ್ಪತ್ತೂ ತುಂಬಿರಲಿಲ್ಲ. ಮಿರಜಿಗೆ ಹೋಗಿ ಈ ಕೆಲಸ ಕಲಿತರು. ಸೂರ್ಯ ಮುಳುಗಿದ ಮೇಲೆ ಉಣ್ಣದ ಜೈನ ಮನೆತನ. ಕೆಲಸದ ಗದ್ದಲದಲ್ಲಿ ಹೊತ್ತು ಮೀರಿದರೆ ಅಂದು ಉಪವಾಸವೇ. ಎಣ್ಣೆ ಹೊಡೆಯುವ ಕಾಲ ಬಂತೆಂದರೆ ಮಂಚ ಸಾಲದೆ ನೆಲದ ಮೇಲೂ ಹಾಸಿಗೆ ಬೀಳುತ್ತವೆ. “ಉಸಿರು ದೇವರದು. ಅದು ಹೋಗಿ ಬರೂ ಹಾದಿ ಸ್ವಚ್ಛ ಇಡೂದು ನಮ್ಮದು,” ಎನ್ನುತ್ತಾರೆ.

ಭರಮುವಿಗೆ ಮತ್ತೊಂದು ಸೂಜಿ ಕೊಟ್ಟು ಡಾಕ್ಟರು ಪಕ್ಕದ ಮಂಚಕ್ಕೆ ಹೋಗುತ್ತಾರೆ. ರಾಜಮತಿ ಹೊಳೆವ್ವನನ್ನು ಕೇಳುತ್ತಾರೆ: “ಮೈ ತೊಳದಿ ಹೌದಿಲ್ಲ?”

“ತೊಳದೇನ್ರಿ. ಅಂಗಿ ಧೋತರ ತಗದು, ಸಾಬೂನ ಹಚ್ಚಿ ತೊಳದೇನ್ರಿ.”

“ತಲಿ?”

ಹುಡುಗಿ ತಲೆ ತಗ್ಗಿಸುತ್ತಾಳೆ. ಭರಮುವಿನ ತಲೆಯ ಮೇಲೆ ರುಮಾಲು ಹಾಗೇ ಇದೆ. ನಿನ್ನೆ ತೋಟದಲ್ಲಿ ಸುತ್ತಿಕೊಂಡದ್ದು, ಎಣ್ಣೆ ಕುಡಿದು ಕುಡಿದು ಭಾರವಾದದ್ದು. ಆ ವಿಷ ನೆತ್ತಿಯಿಂದ ಒಳಗಿಳಿಯುತ್ತಲೇ ಇದೆ. ಹೊಳೆವ್ವ ಬಿಚ್ಚಲು ಹೋದಾಗ ಹೆಂಡತಿ ತಾರವ್ವ ಕೈ ಹಿಡಿದಿದ್ದಾಳೆ. ಗಂಡಸು ತಲೆ ಬರಿದು ಮಾಡಿಕೊಳ್ಳುವುದು ಮನೆಯಲ್ಲಿ ಹೆಣ ಬಿದ್ದಾಗ ಎಂಬುದು ಅವಳ ಮನೆಯ ನಡೆ.

ರಾಜಮತಿ ರುಮಾಲಿಗೆ ಕೈ ಹಾಕುತ್ತಲೇ ತಾರವ್ವ ಅಡ್ಡ ಬರುತ್ತಾಳೆ. ಅವರ ಬರಿಯ ಹಣೆಯನ್ನು ನೋಡಿ ಸಿಡಿಯುತ್ತಾಳೆ:

“ನಿಮ್ಮ ಕುಂಕುಮ ಹೋಗೇತಂತ ನಂದೂ ಅಳಸಾಕ ಬಂದೀರೇನ್ರಿ?”

ಹೊಳೆವ್ವನ ಕಣ್ಣಲ್ಲಿ ನೀರು. ರಾಜಮತಿ ರುಮಾಲಿನಿಂದ ಕೈ ತೆಗೆಯುತ್ತಾರೆ. ಗಂಡ ತೀರಿದಾಗ ಮನೆಯ ಹೆಂಗಸರು ಬಳೆ ಒಡೆಸಿದ ದಿನ ಅವರಿಗೆ ಮರೆತಿಲ್ಲ. ಹಾಗಾಗಿ ಆ ಮಾತಿನೊಳಗಿನ ಅಂಜಿಕೆಯೂ ಅವರಿಗೆ ಕೇಳಿಸುತ್ತದೆ.

“ಅದು ಉಳೀಲಿ ಅಂತನ ಬಂದೇನಿ ತಂಗಿ,” ಎನ್ನುತ್ತಾರೆ. “ನಾ ಮುಟ್ಟೂದಿಲ್ಲ. ನೀನ ಬಿಚ್ಚು, ತಲಿ ತೊಳದು ನೀನ ಹೊಸಾದು ಸುತ್ತು. ಒಂದು ಗಳಿಗಿನೂ ಬರಿ ತಲಿ ಇಡೂದು ಬ್ಯಾಡ.”

ಕಪಾಟಿನಿಂದ ಒಗೆದ ಬಿಳಿ ಬಟ್ಟೆ ತಂದು ತಾರವ್ವನ ಹೆಗಲ ಮೇಲಿಡುತ್ತಾರೆ. ವಿಷ ಅವಳಿಗೂ ತಾಗದಿರಲೆಂದು ರಬ್ಬರಿನ ಕೈಗವಸು ತೊಡಿಸುತ್ತಾರೆ. ತಾರವ್ವ ಗಂಡನ ಮುಖ ನೋಡುತ್ತಾಳೆ, ಜೊಲ್ಲು ಗಲ್ಲದಿಂದ ಕತ್ತಿಗಿಳಿಯುತ್ತಿದೆ. “ಮಾಯಕ್ಕಾ, ನೀನ ಕಾಯವ್ವಾ,” ಎಂದು ದೇವಿಯನ್ನು ನೆನೆದು ಗಂಟು ಬಿಚ್ಚುತ್ತಾಳೆ. ಔಷಧದ ಘಾಟು ಮೂಗಿಗೆ ಬಡಿಯುತ್ತದೆ. ಹೊಳೆವ್ವ ಸಾಬೂನು ಹಚ್ಚಿ ತಿಕ್ಕುತ್ತಾಳೆ, ರಾಜಮತಿ ನೀರು ಹಾಕುತ್ತಾರೆ. ಹೆಂಡತಿ ಬಿಳಿ ರುಮಾಲು ಸುತ್ತುತ್ತಾಳೆ, ಸೊಟ್ಟಗೆ.

ಮಿರಜಿಗೆ ಹೋದವನು ಮದ್ದು ತಂದು ಮುಟ್ಟಿಸುವ ಹೊತ್ತಿಗೆ ಕಪಾಟಿನಲ್ಲಿ ಹಳೆಯದೇ ಇನ್ನೂ ಉಳಿದಿದೆ. ಭರಮುವಿನ ಎದೆಯ ಸದ್ದು ಇಳಿದಿದೆ, ಬಗಲು ಒಣಗಿಯೇ ಇದೆ.

“ಬಾಯಿ ಆರತೈತಿ, ನೀರು ಅಂತಾರ್ರಿ!” ತಾರವ್ವ ಗಾಬರಿಯಿಂದ ಓಡಿ ಬರುತ್ತಾಳೆ.

“ಆರಲಿ. ಔಷಧ ಕೆಲಸ ಮಾಡಾಕತ್ತೈತಿ. ಈಗ ಕುಡಸಬ್ಯಾಡ, ತುಟಿಗೆ ಹಸಿ ಬಟ್ಟಿ ಹಚ್ಚು.”

ಮೂರನೆಯ ದಿನ ಭರಮು ಗೋಡೆಗೊರಗಿ ಕುಳಿತಿದ್ದಾನೆ. ರುಮಾಲು ಸುತ್ತಿದ್ದು ಯಾರು, ಹಿಂಗ್ಯಾಕ ಸೊಟ್ಟ ಐತಿ ಎಂದು ಹೆಂಡತಿಯನ್ನು ಗದರುತ್ತಿದ್ದಾನೆ. ತಾರವ್ವ ಸಿಸ್ಟರ ಕಾಲಿಗೆ ಬಾಗಲು ಬಂದರೆ ಅವರು ಹಿಂದೆ ಸರಿದು ಅವಳ ಕೈ ಹಿಡಿದುಕೊಳ್ಳುತ್ತಾರೆ.

ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ರಾಜಮತಿ ಸಿಸ್ಟರ್ ಹೇಳುವುದು ಇಷ್ಟೇ.

“ನನಗೇನು ಬ್ಯಾಡ್ರಿ. ತೋಟದಾಗ ಬಾವಿ ಇರ್ತಾವು. ಟ್ರ್ಯಾಕ್ಟರ್ ಹತ್ತಸೂ ಮೊದಲ ಅಲ್ಲೇ ರುಮಾಲ ತಗದು ತಲಿಮ್ಯಾಲೆ ನಾಕು ಕೊಡ ನೀರು ಸುರುವಿ ಕರಕೊಂಡ ಬಂದ್ರ ಸಾಕು. ನೀರಿಗೆ ವಿಷ ಹೋಗ್ತೈತ್ರಿ, ಮಾನ ಹೋಗೂದಿಲ್ಲ.”