ಅಂಗೈಯೊಳಗೆ ಹೈವೇ ಬಂದ್, ಗಲ್ಲಿ ಚಾಲೂ

ಪುಟ ತಿರುಗಿಸುವ ಮೊದಲು ಇದೊಂದು ಕೇಳಿಬಿಡಿ. ನಿಮ್ಮ ಬಾತ್‌ರೂಮಿನ ಗೋಡೆಯ ಹಿಂದೆ ಯಾರದೋ ಅಂಗೈಯ ಪಾಡು ಇರುತ್ತದೆ. ಇದು ಅಂಥ ಒಂದು ಅಂಗೈಯ ಕತೆ.

ಕಾಂದಿವಲಿಯ ಹೊಸ ಬಿಲ್ಡಿಂಗು. ಈಗಷ್ಟೇ ಬೆಳಕು ಹರಿಯುತ್ತಿದೆ. ಟೈಲ್ಸ್ ಮಿಸ್ತ್ರಿ ಅಣವೀರಪ್ಪ ಗೋಡೆಗೆ ಟೈಲ್ಸ್ ಅಂಟಿಸಿ, ಗುದ್ದಿ ಕೂರಿಸಲು ಬಲಗೈ ಎತ್ತುತ್ತಾರೆ.

"ಕೈ!" ಸಿಮೆಂಟ್ ಕಲಸುತ್ತಿದ್ದ ಹೆಂಡತಿ ಇಂದ್ರಾಬಾಯಿ ಕೂಗುತ್ತಾರೆ.

ಕೈ ಟ್ರಾಫಿಕ್ ಪೊಲೀಸನ ಕೈಯಂತೆ ಗಾಳಿಯಲ್ಲೇ ನಿಲ್ಲುತ್ತದೆ. ಇಂದ್ರಾಬಾಯಿ ಅದರಲ್ಲಿ ರಬ್ಬರ್ ಸುತ್ತಿಗೆ ಇಡುತ್ತಾರೆ. ದಿನಕ್ಕೆಷ್ಟು ಸಲ ಹೀಗೆ ಎಂದು ಕೇಳುತ್ತೇನೆ. "ಎಣಸಾಕ ಕುಂತ್ರ ಸಿಮೆಂಟ್ ಗಟ್ಟಿ ಆಗತೈತ್ರಿ," ಎನ್ನುತ್ತಾರೆ.

ವಿಜಯಪುರ ಕಡೆಯ ಅಣವೀರಪ್ಪ ಕೆಲಸ ಕಲಿತದ್ದೇ ಅಂಗೈಯಿಂದ. ಅಂಗೈಯ ಬುಡದಿಂದ ಗುದ್ದಿದರೆ ಟೈಲ್ಸ್ ಕೂರುತ್ತದೆ, ಹಿಂದೆ ಪೊಳ್ಳಿದ್ದರೆ ಕೈಗೇ ತಿಳಿಯುತ್ತದೆ. "ಸುತ್ತಿಗಿ ಹಿಡಿದವ ಕಚ್ಚಾ ಮಿಸ್ತ್ರಿ ಅಂತಿದ್ರು ನಮ್ಮ ಮಾವ." ವರ್ಷಗಟ್ಟಲೆ ಗುದ್ದಿದ ಮೇಲೆ ಕಿರುಬೆರಳು, ಉಂಗುರಬೆರಳು ಬೆಳ್ಳಗೆ ತಣ್ಣಗಾದವು. ಅಣವೀರಪ್ಪ ವೈಟ್ ಸಿಮೆಂಟ್ ಹತ್ತಿದೆ ಎಂದುಕೊಂಡು ಸೀಮೆಎಣ್ಣೆ ಹಾಕಿ ತಿಕ್ಕಿದರು. ಬಿಳಿ ಹೋಗಿ ನೀಲಿ ಬಂತು.

ಗುದ್ದಿ ಗುದ್ದಿ ಅಂಗೈಯ ರಕ್ತನಾಳವೇ ಕಟ್ಟಿಕೊಂಡಿದೆ ಎಂದು ಪತ್ತೆ ಹಚ್ಚಿದವರು ಡಾಕ್ಟರ್ ವಂದನಾ. ಕಾಲಿನಿಂದ ನಾಳದ ತುಂಡು ತೆಗೆದು ಕೈಗೆ ಜೋಡಿಸಿದರು. "ಕಾಲಿಂದು ಕೈಗೆ ಹಾಕ್ಯಾರ. ಅದಕ್ಕ ಈ ಕೈ ಒಂದ ಕಡೆ ನಿಲ್ಲವಲ್ದು," ಎಂದು ಇಂದ್ರಾಬಾಯಿ ಇವತ್ತಿಗೂ ನಗುತ್ತಾರೆ.

ಅದಾಗಿ ಎಷ್ಟೋ ವರ್ಷ. ಹೋದ ವಾರ ಸ್ಕ್ಯಾನ್ ನೋಡಿ ಡಾಕ್ಟರ್, "ಜೋಡಿಸಿದ ನಾಳ ಮುಚ್ಚಿಹೋಗಿದೆ," ಎಂದರಂತೆ. ಅಣವೀರಪ್ಪ ಬೆರಳು ಮುಟ್ಟಿ ನೋಡಿದರೆ ಬೆಚ್ಚಗಿವೆ! ಸುತ್ತಲಿನ ಸಣ್ಣ ಸಣ್ಣ ನಾಳಗಳು ಮೆಲ್ಲಗೆ ದೊಡ್ಡವಾಗಿ ರಕ್ತ ಸಾಗಿಸುತ್ತಿವೆ. ಸದ್ಯಕ್ಕೆ ಮತ್ತೆ ಆಪರೇಷನ್ ಬೇಡ. ಆದರೆ ಬೀಡಿ ಮುಟ್ಟಬಾರದು, ಅಂಗೈಯಿಂದ ಗುದ್ದಬಾರದು. ಇವೂ ಮುಚ್ಚಿದರೆ ಬೆರಳು ಉಳಿಯುವುದು ಕಷ್ಟ.

"ಅಂದ್ರ ಹೈವೇ ಬಂದ್, ಗಲ್ಲಿ ಚಾಲೂ," ಎಂದು ಅಣವೀರಪ್ಪ ನನಗೆ ಬಿಡಿಸಿ ಹೇಳುತ್ತಾರೆ. "ಬೀಡಿ ಬಿಟ್ಟೇನ್ರಿ. ಗುದ್ದೂದ ಬಿಡೂದು ಭಾಳ ತ್ರಾಸ. ಲೋಕಲ್ ಟ್ರೇನಿನ್ಯಾಗ ನಿಂತ್ರೂ ಕೈ ಗ್ವಾಡಿ ಹುಡಕತೈತಿ."

ಇಂದ್ರಾಬಾಯಿ ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೀರು ತರಲು ಇಳಿಯುತ್ತಾರೆ. ಅಷ್ಟರಲ್ಲೇ ಮೇಲಿನ ಸಾಲಿನ ದೊಡ್ಡ ಟೈಲ್ಸ್ ಮೆಲ್ಲಗೆ ಜಾರತೊಡಗುತ್ತದೆ. ಎಡಗೈ ಅದನ್ನು ತಡೆದು ಹಿಡಿದಿದೆ. ಬಲಗೈ ಮೇಲೆದ್ದಿದೆ. ಈಗ ತಡೆಯಲು ಇಂದ್ರಾಬಾಯಿ ಇಲ್ಲ. ಅಣವೀರಪ್ಪ ಅಂಗೈ ನೋಡುತ್ತಾರೆ, ಟೈಲ್ಸ್ ನೋಡುತ್ತಾರೆ, ಕಣ್ಣು ಮುಚ್ಚುತ್ತಾರೆ. ಧಡ್!

ಹಣೆಯಿಂದ.

ಇನ್ನೊಂದು ಧಡ್. ಟೈಲ್ಸ್ ಕೂತಿತು. ಬಾಗಿಲಲ್ಲಿ ಬಕೆಟ್ ಹಿಡಿದು ಇಂದ್ರಾಬಾಯಿ ನಿಂತಿದ್ದಾರೆ.

"ರೀ, ಇದ್ಯಾವ ದೇವರಿಗೆ ನಮಸ್ಕಾರ?"

"ಡಾಕ್ಟರ್ ಬಾಯಾರು ಕೈ ಬ್ಯಾಡ ಅಂದಾರ. ತಲಿ ಬಗ್ಗೆ ಏನೂ ಅಂದಿಲ್ಲ."

"ನಾಳೆ ತಲೀನೂ ಸ್ಕ್ಯಾನ್ ಮಾಡಸೋಣು. ಒಳಗ ಏನರ ಐತೋ, ಪೊಳ್ಳೋ ಗೊತ್ತಾಗಲಿ."

ಹಣೆಗೆ ಮೆತ್ತಿದ ಸಿಮೆಂಟ್ ಒರೆಸದೆಯೇ ಅಣವೀರಪ್ಪ ಲೆವೆಲ್ ಇಟ್ಟು ನೋಡುತ್ತಾರೆ. ಅದರ ಗಾಜಿನೊಳಗಿನ ಗಾಳಿಗುಳ್ಳೆ ಸರಿಯಾಗಿ ನಡುವೆ ನಿಂತಿದೆ. ಹೆಂಡತಿಗೆ ತೋರಿಸಿ, ನನ್ನ ಕಡೆ ತಿರುಗುತ್ತಾರೆ.

"ಬಿಟ್ಟಿದ್ರ ಟೈಲ್ಸ್ ಹೋಗತಿತ್ತು, ಗುದ್ದಿದ್ರ ಬೆರಳು. ನೀವಾಗಿದ್ರ ಏನ್ ಮಾಡ್ತಿದ್ರಿ, ಹೇಳ್ರಿ?"