ನಾಲ್ಕು ಬೆರಳು ಎತ್ತರ

ಬೀದಿಯಲ್ಲಿ ಯಾವ ಮೋಟಾರ್ ಸೈಕಲ್ ನಿಂತಿದ್ದರೂ ನಾನು ಮೊದಲು ನೋಡುವುದು ಅದರ ಸೀಟು ನೆಲದಿಂದ ಎಷ್ಟು ಎತ್ತರವಿದೆ ಎಂದು. ಬಣ್ಣ ಯಾವುದು, ಹೊಸದೋ ಹಳೆಯದೋ, ಅದೆಲ್ಲ ಆಮೇಲೆ. ಕಣ್ಣಲ್ಲೇ ಅಳೆದು, ಇದನ್ನು ನಾನು ಹತ್ತಬಹುದಿತ್ತು, ಇದನ್ನು ಹತ್ತಲಾಗುತ್ತಿರಲಿಲ್ಲ ಎಂದು ತೀರ್ಪು ಕೊಟ್ಟು ಮುಂದೆ ಹೋಗುತ್ತೇನೆ. ಮಂಡಿ ಸವೆದ ಮುದುಕಿಗೆ ಈ ಉಸಾಬರಿ ಯಾಕೆ ಎಂದು ನೀವು ಕೇಳಿದಿರಲ್ಲ ಮಕ್ಕಳೇ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳು ಎಂದರೆ ನನ್ನಿಂದಾಗದು.

ನನ್ನ ಎತ್ತರ ನಾಲ್ಕಡಿ ಒಂಬತ್ತು ಅಂಗುಲ. ಅದು ಒಂಬತ್ತೋ ಎಂಟೋ ಎನ್ನುವುದರಲ್ಲಿ ನಮ್ಮೂರಿನ ಮೇಷ್ಟರಿಗೂ ನನಗೂ ಭಿನ್ನಾಭಿಪ್ರಾಯವಿತ್ತು. ಗಿಡ್ಡಿ ಎಂದು ಮೊದಲ ಸಾಲಿನಲ್ಲಿ ಕೂರಿಸುತ್ತಿದ್ದರು. ಏಳನೇ ತರಗತಿಯವರೆಗೂ ಮೊದಲ ಸಾಲಿನಲ್ಲೇ ಕೂತು, ಒಂದು ಪ್ರಶ್ನೆಯನ್ನೂ ಕೇಳದೆ ಎದ್ದು ಬಂದವಳು ನಾನು. ನಿಮ್ಮ ತಾತ ಆರಡಿಗೆ ಎರಡೇ ಅಂಗುಲ ಕಡಿಮೆ. ಮದುವೆಯಲ್ಲಿ ಹಾರ ಹಾಕುವಾಗ ನನ್ನ ಸೋದರಮಾವ ನನ್ನನ್ನು ಸೊಂಟ ಹಿಡಿದು ಎತ್ತಬೇಕಾಯಿತು. ನಿಮ್ಮ ತಾತನಾದರೂ ತಲೆ ಬಗ್ಗಿಸಬಹುದಿತ್ತು. ಅವರ ಸ್ನೇಹಿತರು "ಬಗ್ಗಬೇಡ ಗುರು, ಇವತ್ತು ಬಗ್ಗಿದ್ರೆ ಜೀವಮಾನ ಪೂರ್ತಿ ಬಗ್ಬೇಕಾಗತ್ತೆ" ಎಂದು ಕೂಗುತ್ತಿದ್ದರು.

ನಮ್ಮೂರಲ್ಲಿ ನಾನು ಹತ್ತಿದ್ದ ವಾಹನವೆಂದರೆ ಎತ್ತಿನ ಗಾಡಿ ಒಂದೇ. ಅದು ಬಹಳ ಮರ್ಯಾದಸ್ಥ ವಾಹನ. ಹೆಂಗಸರು ಹತ್ತುತ್ತಾರೆ ಎಂದರೆ ಎತ್ತು ಕಟ್ಟುವ ಮುಂದಿನ ಮೂಕಿಯನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿಯುತ್ತಾರೆ, ಗಾಡಿಯ ಹಿಂಭಾಗ ತಾನಾಗಿ ನೆಲದ ಕಡೆಗೆ ಬಾಗುತ್ತದೆ. ಆನೆಯೂ ಮಂಡಿಯೂರುತ್ತದಂತೆ, ಒಂಟೆಯೂ ಕೂರುತ್ತದಂತೆ. ದೇವತೆಗಳ ವಾಹನಗಳ ವಿಷಯ ಮಾತ್ರ ನನಗೆ ಇನ್ನೂ ತಿಳಿದಿಲ್ಲ. ಬನಶಂಕರಿ ಅಮ್ಮನವರು ಸಿಂಹದ ಮೇಲೆ ಕೂತಿರುವ ಪಟ ನಮ್ಮ ದೇವರ ಮನೆಯಲ್ಲೇ ಇದೆ. ಕೂತಿರುವುದನ್ನು ಎಲ್ಲರೂ ಬರೆಯುತ್ತಾರೆ, ಹತ್ತುತ್ತಿರುವುದನ್ನು ಯಾರೂ ಬರೆದಿಲ್ಲ. ಅಷ್ಟು ಜರಿಸೀರೆ ಉಟ್ಟು ಹೇಗೆ ಹತ್ತಿದಳೋ, ಯಾರ ಭುಜ ಹಿಡಿದಳೋ, ನೋಡಿ ಯಾರು ನಕ್ಕರೋ!

ಎಪ್ಪತ್ತರ ದಶಕದಲ್ಲಿ ನಾವು ಶ್ರೀನಗರದಲ್ಲಿ ಒಂದು ಸಾಲುಮನೆಯಲ್ಲಿ ಬಾಡಿಗೆಗೆ ಇದ್ದೆವು. ನಾನು, ನಿಮ್ಮ ತಾತ, ನನ್ನ ಅತ್ತೆ, ನಿಮ್ಮ ಅಮ್ಮ ಸುಧಾ. ಒಂದು ಕೋಣೆ, ಒಂದು ಅಡುಗೆಮನೆ, ಒಂದು ನಡುಮನೆ. ಅತ್ತೆಯವರ ಕಿವಿ ಬಹಳ ಚುರುಕು. ಗಂಡ ಹೆಂಡತಿ ಮಾತಾಡುವುದಕ್ಕೆ ಆ ಮನೆಯಲ್ಲಿ ಜಾಗವೇ ಇರಲಿಲ್ಲ. ಇದ್ದಿದ್ದರೂ ನನಗೆ ಬಾಯಿ ಬರುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ನಿಮ್ಮ ತಾತನ ಮುಖ ನೋಡಿದರೆ ಹೇಳಬೇಕೆಂದಿದ್ದುದೆಲ್ಲ ಮರೆತು "ಊಟಕ್ಕೆ ಬಡಿಸ್ಲಾ?" ಎಂದುಬಿಡುತ್ತಿದ್ದೆ.

ಅವರ ಹತ್ತಿರ ಒಂದು ಹಳೆಯ ಮೋಟಾರ್ ಸೈಕಲ್ ಇತ್ತು. ಶುಕ್ರವಾರ ಸಂಜೆ ಅದರಲ್ಲಿ ನನ್ನನ್ನು ಬನಶಂಕರಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀಟಿನ ಹಿಂದಿನ ಕಬ್ಬಿಣ ಹಿಡಿದು ಕೂರುತ್ತಿದ್ದೆ. ಗಾಡಿ ಹೊರಟು ನಮ್ಮ ಬೀದಿ ದಾಟಿತು ಎಂದರೆ ನನ್ನ ಬಾಯಿ ಬಿಚ್ಚುತ್ತಿತ್ತು. ಕಣ್ಣೆದುರಿಗೆ ಮುಖವಿಲ್ಲ, ಬರೀ ಬೆನ್ನು. ಬೆನ್ನಿನ ಹತ್ತಿರ ಏನು ನಾಚಿಕೆ? ಸುಧಾಳ ಸ್ಕೂಲು, ನಮ್ಮೂರಿನ ನೆನಪು, ಹಿಂದಿನ ವಾರ ಅತ್ತೆ ಅಂದ ಮಾತು, ಎಲ್ಲ ಹೇಳುತ್ತಿದ್ದೆ. ಅವರು ಗಾಳಿಗೆ ತಲೆ ಸ್ವಲ್ಪ ಓರೆ ಮಾಡಿ "ಆಮೇಲೆ?" ಎನ್ನುತ್ತಿದ್ದರು. ಒಂದು ಸಲ ನಾನು ಏನೋ ಹೇಳಿ, ಅವರು ನಕ್ಕು, ಗಾಡಿಯೇ ಅಲುಗಾಡಿಬಿಟ್ಟಿತು. ನನ್ನ ಮಾತಿಗೆ ಒಬ್ಬ ಮನುಷ್ಯ ಅಷ್ಟು ನಕ್ಕಿದ್ದು ಅದೇ ಮೊದಲು.

ಇಷ್ಟರಲ್ಲಿ ನಿಮ್ಮ ತಾತನ ಕೆಲಸದ ಜಾಗ ಬದಲಾಯಿತು. ಅವರು ಕರೆಂಟು ಕಂಬ ನೆಡಿಸುವ ಒಬ್ಬ ಕಂಟ್ರಾಕ್ಟರ್ ಬಳಿ ಮೇಲ್ವಿಚಾರಕರಾಗಿದ್ದರು. ಜಯನಗರದ ಕೆಲಸ ಮುಗಿದು ಜೆ.ಪಿ. ನಗರದಾಚೆಯ ಹೊಸ ಬಡಾವಣೆಗಳಿಗೆ ಹೋಗಬೇಕಾಯಿತು. ಬಡಾವಣೆ ಎನ್ನುವುದು ಆಗ ಹೆಸರಿಗೆ ಮಾತ್ರ. ನಿನ್ನೆವರೆಗೂ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸೈಟು ಕಲ್ಲು ನೆಟ್ಟು, ಸುಣ್ಣದಲ್ಲಿ ಗೆರೆ ಎಳೆದು, ಇದು ಹದಿನೈದನೇ ಕ್ರಾಸ್ ಎನ್ನುತ್ತಿದ್ದರು. ಮಳೆ ಬಂದರೆ ಕ್ರಾಸ್ ಅಳಿಸಿಹೋಗುತ್ತಿತ್ತು, ಕೆಸರು ಉಳಿಯುತ್ತಿತ್ತು. ಮೋಟಾರ್ ಸೈಕಲ್ಲಿನ ಹೊಟ್ಟೆ ದಿನಾ ಸೈಟು ಕಲ್ಲಿಗೆ ಬಡಿದು, ಸೈಲೆನ್ಸರ್ ನೆಗ್ಗಿ, ಒಂದು ದಿನ ಎಂಜಿನ್ನಿನ ಕೆಳಗಿಂದ ಎಣ್ಣೆ ಸೋರಿ, ಅವರು ಐದು ಮೈಲಿ ತಳ್ಳಿಕೊಂಡು ಬಂದರು.

ಸುದ್ದಗುಂಟೆಪಾಳ್ಯದಲ್ಲಿ ಹುಣಸೆಮರದ ಕೆಳಗೆ ಗ್ಯಾರೇಜು ಇಟ್ಟಿದ್ದ ಒಬ್ಬ ಸಾಬರಿದ್ದರು. ಅವರು "ಎತ್ತರ ಮಾಡ್ಬಿಡೋಣ ಸಾರ್, ನಾಲ್ಕು ಬೆರಳು. ಆಮೇಲೆ ಕಲ್ಲಿರ್ಲಿ ಬಂಡೆ ಇರ್ಲಿ, ಮೇಲಿಂದಾನೇ ಹೋಗತ್ತೆ" ಎಂದರಂತೆ. ಹಿಂದಿನ ಚಕ್ರಕ್ಕೆ ಬೇರೆ ಯಾವುದೋ ದೊಡ್ಡ ಗಾಡಿಯ ಉದ್ದನೆಯ ಶಾಕ್ ಅಬ್ಸಾರ್ಬರ್ ಹಾಕಿದರು. ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಒಳಗೆ ಸ್ಪ್ರಿಂಗಿನ ಮೇಲೆ ಒಂದೊಂದು ಕೊಳವೆ ತುಂಡು ಇಟ್ಟರು. ಗಾಡಿ ಎದ್ದು ನಿಂತಿತು. ನಿಂತ ಮೇಲೆ ನೋಡಿದರೆ ಪಕ್ಕದ ಸ್ಟ್ಯಾಂಡು ನೆಲಕ್ಕೆ ಸರಿಯಾಗಿ ಎಟುಕದೆ ಗಾಡಿ ಕುಡುಕನ ಹಾಗೆ ವಾಲಿತು. ಸಾಬರು ಸ್ಟ್ಯಾಂಡಿಗೂ ಒಂದು ತುಂಡು ಬೆಸುಗೆ ಹಾಕಿ ಉದ್ದ ಮಾಡಿದರು. ಇದನ್ನೆಲ್ಲ ನಿಮ್ಮ ತಾತ ಊಟ ಮಾಡುತ್ತಾ ಅತ್ತೆಯವರಿಗೆ ವಿವರಿಸಿದರು, ನಾನು ಒಳಗಿನಿಂದ ಕೇಳಿಸಿಕೊಂಡೆ. ಸ್ಟ್ಯಾಂಡಿನ ಕಾಲು ಗಿಡ್ಡವಾಯಿತು ಎಂದು ಇಬ್ಬರು ಗಂಡಸರಿಗೂ ಹೊಳೆದಿತ್ತು. ಇನ್ನೊಬ್ಬರ ಕಾಲಿನ ಯೋಚನೆ ಇಬ್ಬರಿಗೂ ಬಂದಿರಲಿಲ್ಲ.

ಆ ಶುಕ್ರವಾರ ಅವರು ಗಾಡಿಯನ್ನು ಬಾಗಿಲಿಗೆ ತಂದು ನಿಲ್ಲಿಸಿದಾಗ ಎದುರುಮನೆ ಕಮಲಮ್ಮ, ಅವರ ಜೊತೆ ಇನ್ನೂ ಮೂವರು, ಜಗಲಿಯ ಮೇಲೆ ಹೂ ಕಟ್ಟುತ್ತಾ ಕೂತಿದ್ದರು.

"ಏನ್ರೀ ಪುಟ್ಟಮ್ಮ, ಅಂಬಾರಿನೇ ಬಂದ್ಬಿಟ್ಟಿದೆ!" ಎಂದರು ಕಮಲಮ್ಮ.

ನಿಮ್ಮ ತಾತನಿಗೆ ಹೆಮ್ಮೆ. "ಫುಟ್‌ರೆಸ್ಟ್ ಮೇಲೆ ಒಂದು ಕಾಲಿಡು, ನನ್ನ ಭುಜ ಹಿಡ್ಕೋ, ಎದ್ದುಬಿಡು, ಅಷ್ಟೇ" ಎಂದರು.

ಅಷ್ಟೇ. ಬೀದಿಯ ನಡುವೆ ಗಂಡನ ಭುಜವನ್ನು ಎರಡೂ ಕೈಯಲ್ಲಿ ಹಿಡಿದು, ಸೀರೆಯನ್ನು ಮಂಡಿಯವರೆಗೂ ಎತ್ತಿ, ಹಾರಬೇಕು, ಅಷ್ಟೇ. ಒಂದು ಸಲ ಕಾಲಿಟ್ಟೆ. ನೆರಿಗೆ ಕಾಲಿಗೆ ಸಿಕ್ಕಿ ಜಾರಿದೆ. ಗಾಡಿ ವಾಲಿತು, ಅವರು ಕಾಲೂರಿ ತಡೆದರು. "ಏಣಿ ಕೊಡ್ಲಾ ಪುಟ್ಟಮ್ಮ? ಬಾವಿಗೆ ಇಳಿಯೋದು ಇದೆ ನಮ್ಮನೇಲಿ" ಎಂದು ಕಮಲಮ್ಮ ಕೂಗಿದರು, ನಾಲ್ವರೂ ನಕ್ಕರು. ಕೆಟ್ಟ ಮನಸ್ಸಿನವರಲ್ಲ, ಕೇಳಿದ್ದರೆ ಏಣಿಯನ್ನು ನಿಜವಾಗಿಯೂ ಕೊಡುತ್ತಿದ್ದರು. ನಾನು ತಲೆನೋವು ಎಂದು ಹೇಳಿ ಒಳಗೆ ಬಂದುಬಿಟ್ಟೆ.

ಮುಂದಿನ ಶುಕ್ರವಾರ ತಲೆನೋವು ಮತ್ತೆ ಬರುವ ಹಾಗಿರಲಿಲ್ಲ. ಅವರು "ಇವಳೇ, ಹೊರಡು" ಎಂದಾಗ ನಡುಮನೆಯಲ್ಲಿ ಅತ್ತೆ ಇದ್ದರು, ಬಾಗಿಲಾಚೆ ಬೀದಿ ಇತ್ತು. ಎತ್ತರವಾಯಿತು, ನನಗೆ ಹತ್ತಲಾಗುವುದಿಲ್ಲ. ಒಂದು ಸಾಲಿನ ಮಾತು. ಅದು ಗಂಟಲಿಗೆ ಬಂದು ಬೇರೆಯೇ ಆಗಿ ಹೊರಬಿತ್ತು.

"ನಾನು ಹರಕೆ ಹೊತ್ತಿದ್ದೀನಿ. ಮೊನ್ನೆ ಸೋಮವಾರ ಸುಧಾಗೆ ಜ್ವರ ಬಂದಿತ್ತಲ್ಲ, ಆಗ. ಮೋಟಾರ್ ಸೈಕಲ್ ಹತ್ತಲ್ಲ ಅಂತ."

"ಎಷ್ಟು ದಿನ?" ಅತ್ತೆ ಕೇಳಿದರು.

ಒಂದು ತಿಂಗಳು ಎನ್ನಬಹುದಿತ್ತು. ಆದರೆ ಹೆದರಿದವರು ಸುಳ್ಳನ್ನು ಅಳತೆಗಿಂತ ದೊಡ್ಡದಾಗಿಯೇ ಹೊಲಿಯುತ್ತಾರೆ. "ಅವಳ ಮದುವೆ ಆಗೋವರೆಗೂ" ಎಂದೆ.

ಸುಧಾಳಿಗೆ ಆಗ ಒಂಬತ್ತು ವರ್ಷ.

ನಿಮ್ಮ ತಾತ ನನ್ನನ್ನೇ ನೋಡಿದರು. ನಂಬಿದರು. ಅವರು ದೇವರ ವಿಷಯದಲ್ಲಿ ತಮಾಷೆ ಮಾಡುವವರಲ್ಲ. "ಹೇಳ್ಬಾರ್ದಿತ್ತಾ ಮೊದ್ಲೇ" ಎಂದು ಹೇಳಿ, ಗಾಡಿ ತಳ್ಳಿಕೊಂಡು ಹೋಗಿ ನಿಲ್ಲಿಸಿದರು. ಅತ್ತೆಯವರಂತೂ ಆವತ್ತಿನಿಂದ ನನ್ನನ್ನು ಬೇರೆ ಕಣ್ಣಿನಿಂದ ನೋಡತೊಡಗಿದರು. ಕಮಲಮ್ಮನಿಗೆ ಹೇಳಿದರು, ಕಮಲಮ್ಮ ಬೀದಿಗೆ ಹೇಳಿದರು. ಎಂಥಾ ತಾಯಿ ಎಂದು ನನಗೆ ಹೆಸರು ಬಂತು. ಸುಳ್ಳು ಹೇಳಿ ಬೈಸಿಕೊಂಡವರನ್ನು ಕಂಡಿದ್ದೇನೆ, ನಾನು ಹೊಗಳಿಸಿಕೊಂಡೆ. ಅದೇ ಹೆಚ್ಚು ಕಷ್ಟ.

ವಾಪಸು ತೆಗೆದುಕೊಳ್ಳಬಹುದಿತ್ತಲ್ಲ ಎಂದು ನಿಮಗೆ ಅನಿಸುತ್ತದೆ. ಸುಳ್ಳೇ ಆದರೂ ಅದು ಮಗುವಿನ ತಲೆಯ ಮೇಲಿಟ್ಟ ಸುಳ್ಳು. ಮುರಿದರೆ ಏನಾದೀತೋ! ಹೊತ್ತೇ ಇಲ್ಲದ ಹರಕೆಯನ್ನು ಇಷ್ಟು ನಿಷ್ಠೆಯಿಂದ ನಡೆಸಿದವಳು ಈ ಬೆಂಗಳೂರಿನಲ್ಲಿ ಇನ್ನೊಬ್ಬಳು ಇರಲಾರಳು. ಇನ್ನೂ ಒಂದು ಕಷ್ಟವಿತ್ತು. ನಿಜ ಹೇಳುವುದಕ್ಕೆ ನನಗೆ ಧೈರ್ಯ ಬರುತ್ತಿದ್ದ ಜಾಗ ಒಂದೇ, ಅವರ ಬೆನ್ನಿನ ಹಿಂದಿನ ಸೀಟು. ಅದನ್ನೇ ನಾನು ಬಿಟ್ಟುಕೊಟ್ಟಿದ್ದೆ.

ಆಮೇಲೆ ಶುಕ್ರವಾರಗಳು ಹೀಗಾದವು. ನಾನು ಬಸ್ಸಿನಲ್ಲಿ ಹೋಗುತ್ತಿದ್ದೆ. ಅವರು ಕೆಲಸದಿಂದ ನೇರವಾಗಿ ಮೋಟಾರ್ ಸೈಕಲ್ಲಿನಲ್ಲಿ ಬಂದು, ತೆಂಗಿನಕಾಯಿ, ನಿಂಬೆಹಣ್ಣಿನ ದೀಪ ತೆಗೆದುಕೊಂಡು ದೇವಸ್ಥಾನದ ಬಾಗಿಲಲ್ಲಿ ಕಾಯುತ್ತಿದ್ದರು. ಎದುರಾಬದುರು ನಿಂತು ದೀಪ ಹಚ್ಚುತ್ತಿದ್ದೆವು. "ಬಸ್ಸು ರಶ್ಶಿತ್ತಾ?" ಎನ್ನುತ್ತಿದ್ದರು. "ಹ್ಞೂಂ" ಎನ್ನುತ್ತಿದ್ದೆ. ಆಮೇಲೆ ನಾನು ಬಸ್ ಸ್ಟಾಪಿಗೆ, ಅವರು ಗಾಡಿಗೆ. ನನ್ನ ಬಸ್ಸಿನ ಹಿಂದೆಯೇ ನಿಧಾನವಾಗಿ ಬರುತ್ತಿದ್ದರು. ಕಿಟಕಿಯಿಂದ ನೋಡಿದರೆ ಆ ಎತ್ತರದ ಗಾಡಿಯ ದೀಪ ರಸ್ತೆಗೆ ಬೀಳದೆ ಮರದ ಕೊಂಬೆಗಳಿಗೆ ಬೀಳುತ್ತಿತ್ತು. ಅವರ ಹಿಂದಿನ ಸೀಟು ಖಾಲಿ.

ಎರಡು ಮೂರು ವರ್ಷ ಕಳೆದ ಮೇಲೆ ಒಂದು ದಿನ ಅವರು ಕಾಯಿ ಕೈಗೆ ಕೊಡುತ್ತಾ, "ಅರ್ಚಕರನ್ನ ಕೇಳ್ದೆ. ತಪ್ಪುಕಾಣಿಕೆ ಹಾಕಿ ಹರಕೆ ಬಿಡಿಸ್ಕೋಬಹುದಂತೆ. ಮಗುಗೇನೂ ಆಗಲ್ವಂತೆ" ಎಂದರು. ಅವರಾಗಿ ಹೋಗಿ ಕೇಳಿದ್ದರು. ಬಾಗಿಲು ತೆರೆದು ನಿಂತ ಹಾಗಿತ್ತು. ಆದರೆ ಹರಕೆ ಬಿಟ್ಟರೂ ಸೀಟು ಅಲ್ಲೇ ಇತ್ತಲ್ಲ, ನಾಲ್ಕು ಬೆರಳು ಮೇಲೆ. "ಬೇಡ" ಎಂದೆ. "ನಿನ್ನಿಷ್ಟ" ಎಂದರು. ಅವರ ಜೊತೆ ಬರುವುದೇ ನನಗೆ ಬೇಡವಾಗಿದೆ ಎಂದು ಅವರು ಅಂದುಕೊಂಡಿರಬೇಕು ಎಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳಾದ ಮೇಲೆ. ಹೊಳೆಯುವ ವಿಷಯದಲ್ಲಿ ನಾನು ಯಾವಾಗಲೂ ಕೊನೆಯ ಬಸ್ಸು.

ಸುಧಾಳ ಮದುವೆ ಎಂಬತ್ತರ ದಶಕದ ಕೊನೆಯಲ್ಲಾಯಿತು. ಬೀಗರ ಊಟವೆಲ್ಲ ಮುಗಿದ ಮೊದಲ ಶುಕ್ರವಾರ ನಿಮ್ಮ ತಾತ ಗಾಡಿ ಒರೆಸಿ ಬಾಗಿಲಿಗೆ ತಂದರು. "ಇನ್ನು ಹತ್ತಬಹುದಲ್ಲ?" ಎಂದರು. ಹನ್ನೊಂದು ವರ್ಷದಲ್ಲಿ ನಾನೇನೂ ಬೆಳೆದಿರಲಿಲ್ಲ. ಮಂಡಿ ನೋವು ಬೇರೆ ಶುರುವಾಗಿತ್ತು. "ಅಳಿಯ ಬಂದ ಮೇಲೆ ಇದೆಲ್ಲ ಯಾಕೆ, ಜನ ನಗ್ತಾರೆ" ಎಂದೆ. ಅವರು ಗಾಡಿಯನ್ನು ಮತ್ತೆ ಹಿಂದಕ್ಕೆ ತಳ್ಳಿಕೊಂಡು ಹೋದರು. ಮುಂದಿನ ತಿಂಗಳು, ಬೆನ್ನು ನೋವು ಎಂದು ಗಾಡಿ ಮಾರಲು ಹೊರಟರು.

ಕೊಳ್ಳುವುದಕ್ಕೆ ಬನಶಂಕರಿ ಬಡಾವಣೆಯಿಂದ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಬಂದರು. ಗಾಡಿಯನ್ನು ಪರೀಕ್ಷೆ ಮಾಡಲು ನಮ್ಮ ಸಾಬರೂ ಬಂದಿದ್ದರು. ಹುಡುಗಿ ನನ್ನಷ್ಟೇ ಎತ್ತರ. ಗಾಡಿಯನ್ನು ಒಂದು ಸುತ್ತು ನೋಡಿ, ಬೀದಿಯಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತು,

"ಅಯ್ಯೋ, ಇದೇನ್ರೀ ಇದು ಒಂಟೆ ಥರ! ನಾನ್ ಹೆಂಗ್ ಹತ್ಲಿ? ಇಳಿಸಿದ್ರೆ ತಗೊಳ್ಳೋಣ, ಇಲ್ದಿದ್ರೆ ನೀವೊಬ್ರೇ ಓಡಾಡ್ಕೊಳ್ಳಿ" ಎಂದಳು.

ಅವಳ ಗಂಡ ನಕ್ಕ. ಕಮಲಮ್ಮನೂ ನಕ್ಕರು. ಅವಳೂ ನಕ್ಕಳು. ಯಾರಿಗೂ ಏನೂ ಆಗಲಿಲ್ಲ.

"ಅದಕ್ಕೇನಮ್ಮಾ, ಹಳೇ ಶಾಕ್ ಅಬ್ಸಾರ್ಬರ್ ನನ್ ಹತ್ರಾನೇ ಇದೆ" ಎಂದರು ಸಾಬರು. ಗಾಡಿ ತೆಗೆದುಕೊಂಡು ಹೋದರು, ಊಟದ ಹೊತ್ತಿಗೆ ಇಳಿಸಿಕೊಂಡು ಬಂದರು. ಹುಡುಗಿ ಗಂಡನ ಭುಜವನ್ನೂ ಹಿಡಿಯದೆ ಹತ್ತಿ ಕೂತಳು. ಬೀದಿ ತುದಿ ದಾಟುವ ಮೊದಲೇ ಅವನ ಬೆನ್ನಿಗೆ ಏನೋ ಹೇಳಲು ಶುರು ಮಾಡಿದ್ದಳು.

ನಿಮ್ಮ ತಾತ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗದೆ, "ಅರ್ಧ ದಿನದ ಕೆಲಸ, ನೋಡು" ಎಂದರು.

ಆವತ್ತು ಅವರ ಬೆನ್ನು ನನ್ನ ಕಡೆಗಿತ್ತು. ನಿಜ ಹೇಳಲು ನನಗಿದ್ದ ಕೊನೆಯ ಅವಕಾಶ ಅದು. ನಾನು ಏನು ಹೇಳಿದೆ ಗೊತ್ತೇ? "ಅನ್ನ ಆರತ್ತೆ, ಬನ್ನಿ" ಎಂದೆ.

ಎರಡು ವರ್ಷಕ್ಕೆ ಅವರು ಹೋದರು. ಅಮ್ಮನವರಿಗೆ ತಪ್ಪೊಪ್ಪಿಕೊಂಡು ಕಾಣಿಕೆ ಹಾಕಿ ಬಂದಿದ್ದೇನೆ. ಅವಳು ಕ್ಷಮಿಸಿರುತ್ತಾಳೆ, ಹೆಂಗಸರ ಹರಕೆಗಳಲ್ಲಿ ಎಷ್ಟು ನಿಜ ಎಷ್ಟು ನೆಪ ಎಂದು ಅವಳಿಗೆ ಗೊತ್ತಿಲ್ಲದ್ದೇನು? ಕ್ಷಮೆ ಕೇಳಬೇಕಾಗಿದ್ದವರು ಗರ್ಭಗುಡಿಯಲ್ಲಿರಲಿಲ್ಲ.

ಮೊನ್ನೆ ನಿಮ್ಮ ಮನೆಗೆ ಬಂದಿದ್ದಾಗ ನಿಮ್ಮ ಅಮ್ಮ ಅಡುಗೆಮನೆಯಲ್ಲಿ ಡಬ್ಬಿ ತೆಗೆಯಲು ಪ್ರತಿ ಸಲವೂ ಕುರ್ಚಿ ಎಳೆಯುತ್ತಿದ್ದಳು. ನಿಮ್ಮ ಅಪ್ಪ ಹೊಸದಾಗಿ ಹೊಡೆಸಿದ ಶೆಲ್ಫು ಅವಳಿಗೆ ಎಟುಕುವುದಿಲ್ಲ.

"ಹೇಳಿದ್ಯಾ ಅವರಿಗೆ?" ಎಂದೆ.

"ಅಷ್ಟು ಆಸೆಯಿಂದ ಹೊಡೆಸಿದಾರೆ ಅಮ್ಮ. ಅವರಿಗೇ ಗೊತ್ತಾಗ್ಬೇಕಲ್ವಾ?"

ಎತ್ತರ ಅವಳಿಗೆ ನನ್ನಿಂದ ಬಂದದ್ದು. ಇದೂ ನನ್ನಿಂದಲೇ ಬಂದಿತ್ತು. ಅಳಿಯನ ಎದುರು ನಿಂತು ನಾನು ಎಂದೂ ಮಾತಾಡಿದವಳಲ್ಲ, ನೀವು ನೋಡಿದ್ದೀರಿ. ಸೆರಗು ಹೊದ್ದು ಹಾಲಿಗೆ ಹೋದೆ. ಅವರು ಪೇಪರು ಓದುತ್ತಿದ್ದರು.

"ಆ ಶೆಲ್ಫು ಎತ್ತರ ಆಯ್ತು. ನನ್ನ ಮಗಳಿಗೆ ಎಟುಕಲ್ಲ" ಎಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು. ನೀವಿಬ್ಬರೂ ಟಿವಿಯಿಂದ ತಲೆ ಎತ್ತಿದಿರಿ.

ನಿಮ್ಮ ಅಪ್ಪ ಗಾಬರಿಯಿಂದ ಎದ್ದು ನಿಂತರು. "ಅಷ್ಟೇನಾ ಅತ್ತೆ? ಈಗಲೇ ಇಳಿಸ್ತೀನಿ. ಮೊದಲೇ ಹೇಳ್ಬಾರ್ದಿತ್ತಾ?" ಎಂದರು.

ಅವರು ಕೇಳಿದ್ದು ಶೆಲ್ಫಿನ ವಿಷಯ. ನಾನು "ಹೇಳ್ಬೇಕಿತ್ತು, ತಪ್ಪಾಯ್ತು" ಎಂದೆ. ಅತ್ತೆ ಇಷ್ಟಕ್ಕೆ ಯಾಕೆ ಅಳುತ್ತಾರೆ ಎಂದು ಅವರಿಗೆ ಇನ್ನೂ ಗೊತ್ತಾಗಿಲ್ಲ. ಈಗ ನಿಮಗೆ ಗೊತ್ತಾಯಿತಲ್ಲ, ಸಮಯ ನೋಡಿ ಅವರಿಗೂ ಹೇಳಿ.