ಬಿಡುವ ಪೆಡಲ್

ನಮ್ಮ ಸೈಕಲ್ ತಂಡದಲ್ಲಿ ಮಣಿಪಾಲದ ಹಲ್ಲಿನ ಡಾಕ್ಟರೊಬ್ಬರಿದ್ದರು. ರೇಸಿಗೆಂದು ಶೂವನ್ನು ಕಚ್ಚಿ ಹಿಡಿಯುವ ಪೆಡಲ್ ಆರಿಸಲು ಅವರು ಇಡೀ ಮಳೆಗಾಲ ನಮ್ಮ ತಲೆ ತಿಂದರು. ಅಂಗಡಿಯಲ್ಲಿ ಸೈಕಲನ್ನು ಗೋಡೆಗೆ ಒರಗಿಸಿ ಹತ್ತುವುದು, ಹಿಮ್ಮಡಿ ತಿರುಗಿಸಿ ಕಾಲು ಬಿಡಿಸುವುದು, ತುಟಿ ಸೊಟ್ಟಗೆ ಮಾಡಿ ಅದೇ ಮಾತು: "ಹಿಡಿಯುವುದು ಎಲ್ಲ ಪೆಡಲೂ ಹಿಡಿಯುತ್ತದೆ ಮಾರಾಯ್ರೆ. ಹೇಗೆ ಬಿಡ್ತದೆ, ಅದು ಮುಖ್ಯ ಅಲ್ವಾ?" ವೇಗಕ್ಕೆ ಬಿಗಿಯಾದದ್ದೇ ಬೇಕೆಂದು ಹೇಳಿ ಹೇಳಿ ನನಗೆ ಸಾಕಾಯಿತು. ಕೊನೆಗೆ ಎಲ್ಲಕ್ಕಿಂತ ಸಡಿಲವಾದದ್ದನ್ನೇ ಕೊಂಡರು.

ಉಡುಪಿಯಿಂದ ಕಾರ್ಕಳಕ್ಕೆ ರೇಸ್. ನಮ್ಮದು ಮೂವರ ತಂಡ. ಮೂವರೂ ಗೆರೆ ದಾಟಿದ ಮೇಲೆಯೇ ತಂಡದ ಸಮಯ ಲೆಕ್ಕಕ್ಕೆ ಬರುತ್ತದೆ. ಹಿರಿಯಡ್ಕ ದಾಟುವಾಗ ನಾವೇ ಮುಂದೆ ಇದ್ದೆವು. ಅಷ್ಟರಲ್ಲಿ ರಸ್ತೆ ಬದಿಯಲ್ಲೊಂದು ದೈವದ ಗುಡಿ ಕಂಡಿತು. ಡಾಕ್ಟರು ಸೈಕಲ್ ನಿಲ್ಲಿಸಿ ಇಳಿದರು, ಶೂ ಬಿಚ್ಚಿದರು, ಕಣ್ಣು ಮುಚ್ಚಿ ಕೈ ಮುಗಿದರು.

"ಸೈಕಲಲ್ಲಿ ಹೋಗ್ತಾ ಕೈ ಮುಗಿದರೆ ಆಗ್ತಿರಲಿಲ್ವಾ ಡಾಕ್ಟ್ರೇ?" ಎಂದು ಕಿರುಚಿದೆ.

"ಶೂ ಹಾಕಿಕೊಂಡು ಕೈ ಮುಗಿಯುವುದಾ?" ಎಂದು ನನ್ನನ್ನೇ ಗದರಿದರು.

ಹಿಂದಿದ್ದ ತಂಡಗಳು ಒಂದೊಂದಾಗಿ ನಮ್ಮನ್ನು ದಾಟಿ ಹೋದವು. ಡಾಕ್ಟರು ಸಾವಕಾಶವಾಗಿ ಶೂ ಬಿಗಿದುಕೊಂಡು ಪೆಡಲನ್ನು ತಟ್ಟಿದರು.

"ನೋಡಿದಿರಾ, ಎಷ್ಟು ಚೆಂದ ಬಿಡ್ತದೆ! ಬೈಲೂರಲ್ಲಿ ಇನ್ನೊಂದು ಗುಡಿ ಉಂಟು."